ನೋಡದೇ ಬರೆದ ರೀಡಿಂಗ್: ಕೆಲಸದ ಜವಾಬ್ದಾರಿಯನ್ನು ಕಲಿಸೋದು ಹೇಗೆ?

ಬಾಯ್ಲರ್‌ಮನೆ

ಎಲ್ಲರಿಗೂ ನಮಸ್ಕಾರ. ಮೂವತ್ತು ವರ್ಷ ಬಾಯ್ಲರ್ ನೋಡಿಕೊಂಡವನು ನಾನು. ಈಗ ಹೊಸಬರಿಗೆ ಕೆಲಸ ಕಲಿಸುತ್ತಿದ್ದೇನೆ. ಒಂದು ಪ್ರಶ್ನೆ ತುಂಬಾ ದಿನದಿಂದ ತಲೆಯಲ್ಲಿ ಕೊರೆಯುತ್ತಿದೆ. ಅದಕ್ಕೆ ಮುಂಚೆ ನನ್ನದೇ ಒಂದು ತಪ್ಪು ಹೇಳಬೇಕು.

ನನಗಾಗ ಇಪ್ಪತ್ತನಾಲ್ಕು ವರ್ಷ. ರಾತ್ರಿ ಪಾಳಿ. ಗಂಟೆಗೊಮ್ಮೆ ಉಗಿಯ ಒತ್ತಡ, ನೀರಿನ ಮಟ್ಟ ಎಲ್ಲ ನೋಡಿ ಲಾಗ್ ಶೀಟಿನಲ್ಲಿ ಬರೆಯಬೇಕು. ಒಳಗಿನ ನೀರಿನ ಮಟ್ಟ ಹೊರಗೆ ತೋರಿಸುವ ಗಾಜಿನ ಕೊಳವೆಗೆ ಗೇಜ್ ಗ್ಲಾಸ್ ಅಂತಾರೆ. ಪಾಳಿ ಶುರುವಾದಾಗ ಅದರ ಕೆಳಗಿನ ಕಾಕ್ (ನಲ್ಲಿ) ತೆರೆದು, ನೀರು ಹೊರಗೆ ಬಿಟ್ಟು, ಮತ್ತೆ ತುಂಬುತ್ತದಾ ಅಂತ ನೋಡಬೇಕು. ಗ್ಲಾಸು ನಿಜ ಹೇಳುತ್ತಿದೆಯೋ ಸುಳ್ಳು ಹೇಳುತ್ತಿದೆಯೋ ಗೊತ್ತಾಗೋದು ಅದರಿಂದಲೇ. ಕೊಳವೆಯಲ್ಲಿ ಕೆಸರು ಕಟ್ಟಿಕೊಂಡರೆ, ಒಳಗೆ ನೀರು ಇಳಿದಿದ್ದರೂ ಗ್ಲಾಸಿನಲ್ಲಿ ಹಳೇ ನೀರು ಹಾಗೇ ನಿಂತಿರುತ್ತದೆ.

ಆ ರಾತ್ರಿ ನಾನು ಕಾಕ್ ತೆರೆಯಲಿಲ್ಲ. ಎರಡು ಗಂಟೆಗೆ ಕುರ್ಚಿಯಲ್ಲಿ ಕೂತು ಎರಡು, ಮೂರು, ನಾಲ್ಕು ಗಂಟೆಯ ರೀಡಿಂಗನ್ನು ಒಟ್ಟಿಗೇ ಬರೆದುಬಿಟ್ಟೆ. ನೀರು ಕಡಿಮೆಯಾದರೆ ಕೂಗುವ ಅಲಾರಂ ಇತ್ತು. ಅದನ್ನು ಪರೀಕ್ಷೆ ಮಾಡಿದೆ ಅನ್ನೋ ಸಾಲಿಗೂ ಟಿಕ್ ಹಾಕಿದ್ದೆ. ಪರೀಕ್ಷೆ ಮಾಡಿರಲಿಲ್ಲ.

ಮೂರೂವರೆಗೆ ಹಿರಿಯ ಆಪರೇಟರ್ ಬಂದರು. ಗ್ಲಾಸಿನ ಮುಂದೆ ನಿಂತರು. ಒಂದು ನಿಮಿಷ ಮಾತಿಲ್ಲ. ಆಮೇಲೆ ಕೇಳಿದರು, ‘ನೀರು ಯಾಕೋ ಅಲ್ಲಾಡ್ತಿಲ್ಲ?’ ಓಡುತ್ತಿರುವ ಬಾಯ್ಲರಿನಲ್ಲಿ ಗ್ಲಾಸಿನ ನೀರು ಒಂದೇ ಕಡೆ ನಿಲ್ಲೋದಿಲ್ಲ, ಸಣ್ಣಗೆ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ನಮ್ಮದು ಗೆರೆ ಎಳೆದ ಹಾಗೆ ನಿಂತಿತ್ತು. ಅವರು ಓಡಿಹೋಗಿ ಬರ್ನರ್ ಆರಿಸಿದರು. ನಾನು ಗಾಬರಿಯಲ್ಲಿ ಪಂಪ್ ಹಾಕಲು ಹೋದೆ. ಕೈ ಹಿಡಿದು ಎಳೆದರು. ಕಾದು ಕೆಂಪಾಗಿರಬಹುದಾದ ಟ್ಯೂಬಿನ ಮೇಲೆ ತಣ್ಣೀರು ಬಿಟ್ಟರೆ, ನೀರು ಒಮ್ಮೆಲೇ ಉಗಿಯಾಗಿ ಬಾಯ್ಲರೇ ಸಿಡಿಯಬಹುದು.

ಯಾರಿಗೂ ಏನೂ ಆಗಲಿಲ್ಲ. ಬರ್ನರ್ ಆರಿಸಿ ಸ್ವಲ್ಪ ಹೊತ್ತಾದ ಮೇಲೆ ಅವರು ಲಾಗ್ ಶೀಟ್ ಕೇಳಿದರು. ಗೋಡೆ ಗಡಿಯಾರದಲ್ಲಿ ನಾಲ್ಕಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ಶೀಟಿನಲ್ಲಿ ನಾಲ್ಕು ಗಂಟೆಯ ರೀಡಿಂಗ್ ಇತ್ತು. ನಾನು ಆ ಹಾಳೆಯನ್ನು ಹರಿದು ಹೊಸದು ಬರೆಯುತ್ತೇನೆ ಅಂದೆ. ಅವರು ಬೈಯಲಿಲ್ಲ. ‘ಹರೀಬೇಡ. ಆ ಸಾಲುಗಳ ಮೇಲೆ ಒಂದೇ ಗೆರೆ ಎಳಿ, ಬರೆದಿದ್ದು ಕೆಳಗೆ ಕಾಣ್ಬೇಕು. ಪಕ್ಕದಲ್ಲಿ ನೋಡಿಲ್ಲ ಅಂತ ಬರ್ದು ಸಹಿ ಹಾಕು’ ಅಂದರು. ಆ ‘ನೋಡಿಲ್ಲ’ ಅನ್ನೋ ಮೂರು ಅಕ್ಷರ ಬರೆಯುವಾಗ ಕೈ ಎಷ್ಟು ನಡುಗಿತು ಅಂದರೆ, ಇವತ್ತಿಗೂ ನೆನಪಿದೆ.

ಈಗ ಪ್ರಶ್ನೆ. ಆ ದಿನಗಳಲ್ಲಿ ನನ್ನನ್ನು ಯಾರೂ ಸೋಮಾರಿ ಅಂದಿರಲಿಲ್ಲ. ಹೆಚ್ಚು ಪಾಳಿ ಮಾಡುತ್ತಿದ್ದೆ, ಭಾರ ಹೊರುತ್ತಿದ್ದೆ, ಬೆವರು ಸುರಿಸುತ್ತಿದ್ದೆ. ಮೈಮುರಿದು ದುಡಿಯೋದು ಬರುತ್ತಿತ್ತು, ಜವಾಬ್ದಾರಿ ಬರುತ್ತಿರಲಿಲ್ಲ. ಈಗ ನನ್ನ ಕೈಕೆಳಗೆ ಕಲಿಯುವವರಲ್ಲಿ ಇಬ್ಬರು ಕುರ್ಚಿಯಲ್ಲಿ ಕೂತೇ ರೀಡಿಂಗ್ ಬರೆಯುತ್ತಾರೆ ಅಂತ ನನಗೆ ಅನುಮಾನ. ಬಾಯ್ಲರ್ ಕೈಕೊಡುವ ತನಕ ಕಾಯದೆ ಇದನ್ನು ಕಲಿಸೋದು ಹೇಗೆ?

ರಾತ್ರಿವಾರ್ಡ್

ಓದಿ ಮೈ ಜುಮ್ಮೆಂದಿತು. ನಾನು ನರ್ಸ್. ನಮ್ಮಲ್ಲೂ ಇದೇ ಶೀಟು, ಇದೇ ಪೆನ್ನು. ಮಲಗಿರುವ ರೋಗಿಯ ಉಸಿರು ಪೂರ್ತಿ ಒಂದು ನಿಮಿಷ ಎಣಿಸಿ ಬರೆಯಬೇಕು. ಎಣಿಸದೆ 18 ಅಂತ ಬರೆಯುವವರನ್ನು ನಾನು ಕಂಡಿದ್ದೇನೆ. ಸಾಲಾಗಿ ಹತ್ತು ಹಾಸಿಗೆಗೂ 18. ಎಲ್ಲರೂ ಒಂದೇ ತಾಳಕ್ಕೆ ಉಸಿರಾಡುತ್ತಾರಾ ಹೇಳಿ?

ಕೈ ತೊಳೆಯೋದೂ ಹಾಗೆ. ಸಿಂಕಿನ ಹತ್ತಿರ ಯಾರೂ ಇಲ್ಲದಾಗ ತೊಳೆದೆನಾ ಇಲ್ಲವಾ ಅಂತ ಗೊತ್ತಿರೋದು ನನಗೊಬ್ಬಳಿಗೇ.

ಇದಕ್ಕೆ ಹೊಂದುವ ಹಳೇ ಸಂಗತಿ ಒಂದಿದೆ. 1847ರಲ್ಲಿ ವಿಯೆನ್ನಾದ ದೊಡ್ಡ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮೆಲ್‌ವೈಸ್ ಅನ್ನೋ ವೈದ್ಯ ಇದ್ದರು. ಅಲ್ಲಿ ಎರಡು ಹೆರಿಗೆ ವಾರ್ಡು. ಸೂಲಗಿತ್ತಿಯರು ನೋಡುವ ವಾರ್ಡಿಗಿಂತ ವೈದ್ಯರು ನೋಡುವ ವಾರ್ಡಿನಲ್ಲಿ ಬಾಣಂತಿ ಜ್ವರದ ಸಾವು ಬಹಳ ಜಾಸ್ತಿ. ಆ ವರ್ಷ ಏಪ್ರಿಲ್‌ನಲ್ಲಿ ನೂರಕ್ಕೆ 18 ತಾಯಂದಿರು ಸತ್ತಿದ್ದರು. ವೈದ್ಯರು ಹೆಣ ಕೊಯ್ದ ಕೈಯಲ್ಲೇ ಹೆರಿಗೆಗೆ ಬರುತ್ತಾರೆ ಅನ್ನೋದು ಇವರಿಗೆ ಹೊಳೆಯಿತು. ಮೇ ತಿಂಗಳಲ್ಲಿ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯುವ ನಿಯಮ ತಂದರು. ಜೂನ್‌ನಲ್ಲಿ ಸಾವು ನೂರಕ್ಕೆ 2ರ ಆಸುಪಾಸಿಗೆ ಇಳಿಯಿತು.

ಆದರೂ ಎಷ್ಟೋ ದೊಡ್ಡ ವೈದ್ಯರು ವರ್ಷಗಟ್ಟಲೆ ಇದನ್ನು ಒಪ್ಪಲಿಲ್ಲ. ಕಾಯಿಲೆ ಹೇಗೆ ಹರಡುತ್ತದೆ ಅನ್ನೋದು ಆಗ ಸರಿಯಾಗಿ ಗೊತ್ತಿರಲಿಲ್ಲ, ಅದೂ ಒಂದು ಕಾರಣ. ಇನ್ನೊಂದು ಕಾರಣ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಒಪ್ಪಿದರೆ, ಇಷ್ಟು ದಿನ ಕೊಂದದ್ದು ನನ್ನ ಕೈ ಅಂತಲೂ ಒಪ್ಪಬೇಕು. ಅವರು ಸೋಮಾರಿಗಳಾಗಿರಲಿಲ್ಲ. ಹಗಲೂ ರಾತ್ರಿ ದುಡಿಯುವವರೇ. ‘ನೋಡಿಲ್ಲ’ ಅಂತ ಬರೆದು ಸಹಿ ಹಾಕೋದು ಮಾತ್ರ ಅವರಿಗೆ ಆಗಲಿಲ್ಲ.

ದಣಿದವಳು

ನನ್ನದು ಬೇರೆ ಮಾತು. ಬೇಜಾರು ಮಾಡಿಕೊಳ್ಳಬೇಡಿ.

‘ಜವಾಬ್ದಾರಿ’ ಅನ್ನೋ ಪದ ಕೇಳಿದರೆ ನನಗೆ ಈಗ ಭಯ ಆಗುತ್ತದೆ. ಹಿಂದೆ ಇದ್ದ ಕಡೆ ಮೂವರ ಕೆಲಸ ನಾನೊಬ್ಬಳೇ ಮಾಡಿದೆ. ಆಗಲ್ಲ ಅಂದಾಗೆಲ್ಲ ‘ನಿನಗೆ ಜವಾಬ್ದಾರಿ ಇಲ್ವಾ?’ ಅನ್ನೋರು. ‘ಕಾಯಕ’ ಅನ್ನೋ ಒಳ್ಳೆಯ ಪದವನ್ನೂ ಗೋಡೆ ಮೇಲೆ ಬರೆದು, ಅದರ ಕೆಳಗೆ ನಮ್ಮನ್ನು ರಾತ್ರಿ ಹತ್ತರ ತನಕ ಕೂರಿಸಿದರು. ಎರಡು ವರ್ಷ ಮಾಡಿದೆ. ಆಮೇಲೆ ಮೈಯೇ ಏಳಲಿಲ್ಲ.

ಇದು ನನ್ನೊಬ್ಬಳ ಅಳಲಲ್ಲ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಮೊದಲ ಒಪ್ಪಂದವೇ ಹೇಳಿತು, ಅದೂ 1919ರಲ್ಲಿ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ನೂರಕ್ಕೆ 35ರಷ್ಟು ಹೆಚ್ಚು ಅಂತ ಅದೇ ಸಂಘಟನೆ ಮತ್ತು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಲೆಕ್ಕ ಕೊಟ್ಟವು. ಅತಿಯಾಗಿ ದುಡಿದು ಸಾಯೋದಕ್ಕೆ ಜಪಾನಿನಲ್ಲಿ ‘ಕರೋಶಿ’ ಅಂತ ಹೆಸರೇ ಇದೆ. ಅದನ್ನು ತಡೆಯಲು 2014ರಲ್ಲಿ ಕಾನೂನು ತರಬೇಕಾಯಿತು.

ಬಾಯ್ಲರ್‌ಮನೆ ಸರ್, ಒಂದು ಕೇಳಲಾ? ಆ ರಾತ್ರಿ ಅದು ನಿಮ್ಮ ಎಷ್ಟನೇ ಪಾಳಿ?

ಬಾಯ್ಲರ್‌ಮನೆ

ಮೇಡಂ, ಸರಿಯಾದ ಜಾಗಕ್ಕೇ ಕೈ ಇಟ್ಟಿರಿ. ಅದು ಬೆನ್ನಿಗೆ ಬೆನ್ನು ಎರಡನೇ ಪಾಳಿ. ಹದಿನಾಲ್ಕನೇ ಗಂಟೆ ನಡೆಯುತ್ತಿತ್ತು. ಬದಲಿ ಆಪರೇಟರ್ ಬಂದಿರಲಿಲ್ಲ.

ಇದನ್ನು ಮೊದಲೇ ಬರೆಯಬೇಕಿತ್ತು. ಬರೆಯಲಿಲ್ಲ, ಯಾಕೆಂದರೆ ನೆಪ ಹೇಳಿದ ಹಾಗೆ ಆಗುತ್ತದೆ ಅನ್ನಿಸಿತು. ‘ಕುಣಿಯಲಾರದವಳು ನೆಲ ಡೊಂಕು ಅಂದಳು’ ಅಂತ ಕೇಳಿ ಬೆಳೆದವರು ನಾವು. ಆದರೆ ನೆಲ ನಿಜವಾಗಿಯೂ ಡೊಂಕಾಗಿರುವುದೂ ಉಂಟು ಅಲ್ವಾ? ಅದನ್ನೂ ಬರೆದಿಡಬೇಕು. ಆ ಹಿರಿಯರು ನನ್ನಿಂದ ಸಹಿ ಹಾಕಿಸಿದ ಮೇಲೆ, ಅದೇ ಶೀಟಿನ ಕೆಳಗೆ ‘ಎರಡು ಪಾಳಿ ಒಬ್ಬನೇ’ ಅಂತ ತಾವು ಬರೆದು ತಮ್ಮ ಸಹಿ ಹಾಕಿದರು. ಅದರ ಬೆಲೆ ನಿಮ್ಮ ಪ್ರಶ್ನೆ ಓದಿದ ಮೇಲೆ ಇನ್ನೂ ಚೆನ್ನಾಗಿ ಗೊತ್ತಾಯಿತು. ನನ್ನ ತಪ್ಪು ನನ್ನದೇ ಆಗಿ ಉಳಿಯಿತು, ಮೇಲಿನವರ ತಪ್ಪೂ ಅವರದಾಗಿ ದಾಖಲಾಯಿತು.

ನಿದ್ದೆ ಬರುತ್ತಿತ್ತು ಅನ್ನೋದು ನಿಜ. ‘ನೋಡಲು ಆಗಲಿಲ್ಲ’ ಅಂತ ಜಾಗ ಖಾಲಿ ಬಿಡಬಹುದಿತ್ತು ಅನ್ನೋದೂ ನಿಜ. ಸುಳ್ಳು ಅಂಕಿ ಬರೆದ ಕೈ ನನ್ನದು.

ಬೆಸುಗೆ

ಕಟ್ಟಡದ ಉಕ್ಕಿನ ಕೆಲಸ ನನ್ನದು. ನಮ್ಮ ವೃತ್ತಿಯಲ್ಲಿ ಎಲ್ಲರೂ ಒಮ್ಮೆಯಾದರೂ ಕೇಳಿರುವ ಕಥೆ ಹೇಳುತ್ತೇನೆ.

ನ್ಯೂಯಾರ್ಕಿನಲ್ಲಿ ಸಿಟಿಕಾರ್ಪ್ ಸೆಂಟರ್ ಅನ್ನೋ 59 ಮಹಡಿಯ ಕಟ್ಟಡ 1977ರಲ್ಲಿ ಮುಗಿಯಿತು. ಅದರ ಕಂಬಗಳು ನಾಲ್ಕು ಮೂಲೆಯಲ್ಲಿಲ್ಲ, ನಾಲ್ಕು ಬದಿಗಳ ನಡುವೆ ಇವೆ. ಎಂಜಿನಿಯರ್ ವಿಲಿಯಂ ಲೆಮೆಷೂರಿಯರ್. ಮರುವರ್ಷ ಅವರು ಮತ್ತೆ ಲೆಕ್ಕ ಹಾಕಿದಾಗ, ಗಾಳಿ ಮೂಲೆಯ ಕಡೆಯಿಂದ ಬೀಸಿದರೆ ಉಕ್ಕಿನ ತೊಲೆಗಳು ಸೇರುವ ಕೆಲವು ಕೂಡುಗಳ ಮೇಲೆ ಭಾರ ಅಂದುಕೊಂಡದ್ದಕ್ಕಿಂತ ತುಂಬಾ ಹೆಚ್ಚಾಗುತ್ತದೆ ಅಂತ ಕಂಡಿತು. ಬೆಸುಗೆ ಹಾಕಬೇಕಿದ್ದ ಕೂಡುಗಳಿಗೆ ಕಟ್ಟುವಾಗ ಬೋಲ್ಟ್ ಹಾಕಿದ್ದರು. ಅದು ಅವರ ಕಚೇರಿಯಲ್ಲೇ ಒಪ್ಪಿಗೆಯಾಗಿತ್ತು. ಜೋರಾದ ಬಿರುಗಾಳಿ ಬಂದರೆ ಕಟ್ಟಡವೇ ಉರುಳಬಹುದು.

ಕಟ್ಟಡ ಮುಗಿದಿದೆ, ಹೊಗಳಿಕೆಯೂ ಬಂದಿದೆ. ಸುಮ್ನೆ ಇದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವರು ತಾವೇ ಹೋಗಿ ಕಟ್ಟಡದವರಿಗೆ ಹೇಳಿದರು. ಕಚೇರಿಯವರು ಮನೆಗೆ ಹೋದ ಮೇಲೆ ರಾತ್ರಿಯೆಲ್ಲ ವೆಲ್ಡರ್‌ಗಳು ಕೂಡುಗಳ ಮೇಲೆ ದಪ್ಪ ಉಕ್ಕಿನ ಹಲಗೆ ಇಟ್ಟು ಬೆಸೆದರು. ವಾರಗಟ್ಟಲೆ ನಡೆಯಿತು. ಕಟ್ಟಡ ಇವತ್ತಿಗೂ ನಿಂತಿದೆ.

ನನಗೆ ಕೆಲಸದ ನಿಷ್ಠೆ ಅಂದರೆ ಇದೇ. ಮುಗಿಸಿ ಕೈ ತೊಳೆದುಕೊಂಡ ಕೆಲಸವನ್ನು ಮತ್ತೆ ತೆರೆದು ನೋಡೋದು.

ದಣಿದವಳು

ಬೆಸುಗೆಯವರೇ, ಕಥೆಯ ಉಳಿದರ್ಧವನ್ನೂ ಹೇಳಿ. ಸುತ್ತಮುತ್ತಲಿನ ಸಾವಿರಾರು ಜನರಿಗೆ ಆ ಅಪಾಯದ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ಜನಕ್ಕೆ ಗೊತ್ತಾಗಿದ್ದು 1995ರಲ್ಲಿ, ಹದಿನೇಳು ವರ್ಷದ ನಂತರ. ಮಾಲೀಕರಿಗೆ ಹೇಳಿದರೆ ಮುಗಿಯಿತಾ? ಅದರ ನೆರಳಿನಲ್ಲಿ ಮಲಗಿದವರಿಗೆ ಉತ್ತರ ಕೊಡುವವರು ಯಾರು?

ಬೆಸುಗೆ

ನೀವು ಹೇಳೋದು ಸರಿ. ಅದನ್ನು ನಾನು ಬಿಟ್ಟು ಹೇಳಿದೆ, ತಪ್ಪು. ಅವರು ಮಾಡಿದ ಅರ್ಧ ದೊಡ್ಡದು, ಮಾಡದ ಅರ್ಧವೂ ದೊಡ್ಡದೇ.

ಹೊಸಬ_22

ಎಲ್ಲ ಓದಿದೆ. ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ನಾನು ಒಂದು ಗೋದಾಮಿನಲ್ಲಿ ಸ್ಟಾಕ್ ನೋಡಿಕೊಳ್ಳುತ್ತೇನೆ. ಸೇರಿ ಏಳು ತಿಂಗಳು. ವರ್ಷದ ಎಣಿಕೆಯ ದಿನ ಮೇಲಿನ ರ‍್ಯಾಕುಗಳನ್ನು ಏಣಿ ಹತ್ತಿ ಎಣಿಸಬೇಕಿತ್ತು. ಸಾಯಂಕಾಲ ಆಗಿತ್ತು. ಕಂಪ್ಯೂಟರಿನಲ್ಲಿ ಒಂದು ಐಟಂ 64 ಪೆಟ್ಟಿಗೆ ಅಂತಿತ್ತು. ನಾನೂ 64 ಅಂತ ಬರೆದು ಸಹಿ ಹಾಕಿದೆ. ಏಣಿ ಹತ್ತಲಿಲ್ಲ.

ಹೋದ ವಾರ 60 ಪೆಟ್ಟಿಗೆಗೆ ಆರ್ಡರ್ ಬಂತು. ಮೇಲೆ ಇದ್ದದ್ದು 24. ನಲವತ್ತು ಪೆಟ್ಟಿಗೆ ಇಲ್ಲ. ರಾತ್ರಿ ಲೋಡ್ ಮಾಡುವ ಒಬ್ಬರ ಮೇಲೆ ಅನುಮಾನ ಬಂದು, ವಿಚಾರಣೆ ಮುಗಿಯುವ ತನಕ ಬರಬೇಡಿ ಅಂದಿದ್ದಾರೆ. ಅವರು ನನ್ನ ಅಪ್ಪನ ವಯಸ್ಸಿನವರು. ಎಣಿಕೆಯಲ್ಲಿ 64 ಇತ್ತಲ್ಲ, ಆಮೇಲೆ ಕಡಿಮೆಯಾಗಿದೆ ಅಂದರೆ ಕದ್ದಿರಬೇಕು ಅಂತ ಎಲ್ಲರ ಲೆಕ್ಕ. ಆ 64 ನನ್ನದು.

ಹೇಳಿದರೆ ಕೆಲಸ ಹೋಗುತ್ತದೆ ಅಂತ ಭಯ. ಏನು ಮಾಡಲಿ?

ರಾತ್ರಿವಾರ್ಡ್

ತಮ್ಮಾ, ನಿನ್ನ ಭಯ ಅರ್ಥವಾಗುತ್ತದೆ. ಆದರೆ ಇವತ್ತೇ ಹೇಳು. ನಾಳೆ ಬೇಡ. ನಿನ್ನ ತಪ್ಪಿನ ಭಾರ ಈಗ ಇನ್ನೊಬ್ಬರ ಮನೆ ಮೇಲೆ ಬಿದ್ದಿದೆ.

ದಣಿದವಳು

ನಾನೂ ಅದನ್ನೇ ಹೇಳುತ್ತೇನೆ. ಸುಮ್ನೆ ಇರು ಅಂತ ನಾನು ಹೇಳಬಹುದು ಅಂದುಕೊಂಡಿರಬಹುದು, ಇಲ್ಲ. ಕೈಲಾಗದವರ ಮೇಲೆ ತಪ್ಪು ಜಾರಿ ಬೀಳೋದನ್ನು ಎಷ್ಟೋ ಸಲ ಕಂಡಿದ್ದೇನೆ. ಅದಕ್ಕೇ ಹೇಳುತ್ತಿರೋದು.

ಹೇಗೆ ಹೇಳಬೇಕು ಅಂದರೆ, ಬಾಯಿಮಾತಿನಲ್ಲಿ ಬೇಡ, ಬರೆದು ಕೊಡು. ಚಿಕ್ಕದಾಗಿರಲಿ. ಇಂಥ ದಿನ, ಇಂಥ ರ‍್ಯಾಕು, ಎಣಿಸಲಿಲ್ಲ, ಕಂಪ್ಯೂಟರಿನ ಅಂಕಿ ಬರೆದೆ. ಆದ್ದರಿಂದ ಆ ಎಣಿಕೆ ನಂಬಿ ಯಾರನ್ನೂ ಅನುಮಾನಿಸಬೇಡಿ. ಅಷ್ಟೇ. ಕ್ಷಮೆಯ ಮಾತು ಒಂದು ಸಾಲು ಸಾಕು. ಒಂದು ಪ್ರತಿ ನಿನ್ನ ಹತ್ತಿರ ಇಟ್ಟುಕೋ. ಆವತ್ತು ಎಣಿಕೆಗೆ ಎಷ್ಟು ಜನ ಇದ್ದರು, ಎಷ್ಟು ಹೊತ್ತು ಕೊಟ್ಟಿದ್ದರು ಅನ್ನೋದನ್ನು ಬೇರೆ ಹಾಳೆಯಲ್ಲಿ ಬರೆ. ಎರಡನ್ನೂ ಒಂದರಲ್ಲೇ ಸೇರಿಸಿದರೆ ನೆಪದ ಹಾಗೆ ಕಾಣುತ್ತದೆ.

ಹಳೇಮೇಷ್ಟ್ರು

ಹೊಸಬರಿಗೆ ಈಗಾಗಲೇ ಬುದ್ಧಿ ಹೇಳಿಯಾಗಿದೆ. ನಾನು ಮೊದಲ ಪ್ರಶ್ನೆಗೆ ಬರುತ್ತೇನೆ, ಕಲಿಸೋದು ಹೇಗೆ ಅನ್ನೋದಕ್ಕೆ.

ಫ್ರಾನ್ಸಿನಲ್ಲಿ ರಿಂಗೆಲ್‌ಮನ್ ಅನ್ನೋ ಕೃಷಿ ಎಂಜಿನಿಯರ್ ಜನರಿಂದ ಹಗ್ಗ ಎಳೆಸಿ ಬಲ ಅಳೆದಿದ್ದರು. 1913ರಲ್ಲಿ ಅದು ಅಚ್ಚಾಯಿತು. ಎಂಟು ಜನ ಸೇರಿ ಎಳೆದಾಗ ಒಬ್ಬೊಬ್ಬರ ಬಲ, ಒಬ್ಬರೇ ಎಳೆಯುವಾಗಿನ ಅರ್ಧದಷ್ಟಕ್ಕೆ ಇಳಿದಿತ್ತು. ಒಟ್ಟಿಗೆ ಎಳೆಯುವಾಗ ತಾಳ ತಪ್ಪುವುದೂ ಒಂದು ಕಾರಣ. ಆದರೆ 1979ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞರು ಜನರಿಂದ ಚಪ್ಪಾಳೆ ತಟ್ಟಿಸಿ, ಕೂಗಿಸಿ ನೋಡಿದಾಗಲೂ ಗುಂಪಿನಲ್ಲಿ ಒಬ್ಬೊಬ್ಬರ ಸದ್ದು ಕಡಿಮೆಯಾಯಿತು. ಅದರ ಮುಂದಿನ ಪ್ರಯೋಗ ನನಗೆ ಮುಖ್ಯ ಅನ್ನಿಸುತ್ತದೆ. ನಿಮ್ಮ ನಿಮ್ಮ ಸದ್ದನ್ನು ಬೇರೆ ಬೇರೆಯಾಗಿ ಅಳೆಯುತ್ತೇವೆ ಅಂತ ತಿಳಿಸಿದ ಮೇಲೆ, ಗುಂಪಿನಲ್ಲಿದ್ದರೂ ಜನ ಪೂರ್ತಿ ಜೋರಾಗಿ ಕೂಗಿದರು.

ತರಗತಿಯಲ್ಲಿ ನಾನು ಮಾಡಿದ್ದೂ ಇದನ್ನೇ. ಐದು ಮಕ್ಕಳಿಗೆ ಒಂದು ಕೆಲಸ ಕೊಟ್ಟರೆ ಇಬ್ಬರು ಮಾಡುತ್ತಿದ್ದರು. ಯಾರು ಯಾವ ಭಾಗ ಅಂತ ಹೆಸರು ಬರೆಸಲು ಶುರು ಮಾಡಿದೆ. ಹಿಂದೆ ಕೂರುತ್ತಿದ್ದ ಒಬ್ಬ ಹುಡುಗ ತನ್ನ ಹೆಸರಿನ ಮುಂದಿನ ನಕ್ಷೆಯನ್ನು ಮೂರು ಸಲ ಅಳಿಸಿ ಬರೆದ. ಅವನಿಗೆ ನಾನು ಏನೂ ಉಪದೇಶ ಮಾಡಿರಲಿಲ್ಲ.

ಇನ್ನೊಂದು ಮಾತು. ತಪ್ಪು ಒಪ್ಪಿಕೊಂಡ ಮಗುವಿಗೆ ಮೊದಲ ಸಲವೇ ಎಲ್ಲರೆದುರು ಶಿಕ್ಷೆಯಾದರೆ, ಅದನ್ನು ನೋಡಿ ಇಡೀ ತರಗತಿ ಮುಚ್ಚಿಡೋದನ್ನು ಕಲಿಯುತ್ತದೆ. ದೊಡ್ಡವರಾದ ಮೇಲೂ ಅಷ್ಟೆ. ಸತೀಶ್ ಧವನ್ ಅವರ ವಿಷಯ ನೆನಪಿಸಿಕೊಳ್ಳಿ. 1979ರ ಆಗಸ್ಟ್ 10ರಂದು ಎಸ್‌ಎಲ್‌ವಿ-3 ರಾಕೆಟ್ ಸಮುದ್ರಕ್ಕೆ ಬಿತ್ತು. ಯೋಜನೆಯ ಹೊಣೆ ಅಬ್ದುಲ್ ಕಲಾಂ ಅವರದು. ಪತ್ರಕರ್ತರ ಮುಂದೆ ಕೂತು ಆ ಸೋಲನ್ನು ತಮ್ಮ ಮೇಲೆ ಹಾಕಿಕೊಂಡವರು ಇಸ್ರೋ ಅಧ್ಯಕ್ಷ ಧವನ್. 1980ರ ಜುಲೈ 18ರಂದು ಅದೇ ಮಾದರಿಯ ರಾಕೆಟ್ ಗೆದ್ದಾಗ, ನೀನು ಹೋಗಿ ಮಾತಾಡು ಅಂತ ಕಲಾಂ ಅವರನ್ನು ಕಳಿಸಿದರು. ಕಲಾಂ ಇದನ್ನು ಬದುಕಿಡೀ ಹೇಳುತ್ತಿದ್ದರು.

ಬಾಯ್ಲರ್‌ಮನೆ

ಮೇಷ್ಟ್ರೇ, ಇದು ನನಗೆ ಬೇಕಿದ್ದ ಉತ್ತರ. ನಾಳೆಯಿಂದ ರೀಡಿಂಗಿನ ಪಕ್ಕದಲ್ಲಿ ನೋಡಿದ ನಿಮಿಷವನ್ನೂ ಬರೆಸುತ್ತೇನೆ. ನಾಲ್ಕು ಗಂಟೆ ಅಂತಲ್ಲ, ನಾಲ್ಕು ಗಂಟೆ ಏಳು ನಿಮಿಷ ಅಂತ. ಎಲ್ಲ ಸಾಲೂ ಸರಿಯಾಗಿ ಸೊನ್ನೆ ನಿಮಿಷ ಅಂತಿದ್ದರೆ ಅದೇ ಹೇಳುತ್ತದೆ. ‘ನೋಡಿಲ್ಲ’ ಅಂತ ಬರೆಯಲು ಒಂದು ಖಾನೆಯನ್ನೂ ಶೀಟಿನಲ್ಲೇ ಕೊಡುತ್ತೇನೆ. ಅದನ್ನು ತುಂಬಿದವರಿಗೆ ಬೈಗುಳ ಇಲ್ಲ ಅಂತ ಮೊದಲೇ ಹೇಳುತ್ತೇನೆ. ಅದಕ್ಕೂ ಮುಂಚೆ ನನ್ನ ಆ ರಾತ್ರಿಯ ಕಥೆ ಅವರಿಗೆ ಹೇಳಬೇಕು. ಇಷ್ಟು ವರ್ಷ ಮುಚ್ಚಿಟ್ಟುಕೊಂಡೇ ಪಾಠ ಮಾಡುತ್ತಿದ್ದೆ.

ಹೊಸಬ ತಮ್ಮಾ, ಏನಾಯಿತು?

ರಾತ್ರಿವಾರ್ಡ್

ಅವನು ಬರುವಷ್ಟರಲ್ಲಿ ಒಂದು ಮಾತು. ಹೊಸಬರು ಅಂದರೆ ದನಿ ಸಣ್ಣದು ಅಂತ ತಿಳಿಯಬೇಡಿ. ಫ್ರಾನ್ಸಸ್ ಕೆಲ್ಸಿ ಅಮೆರಿಕದ ಔಷಧ ಇಲಾಖೆಗೆ ಸೇರಿದ್ದು 1960ರ ಆಗಸ್ಟ್‌ನಲ್ಲಿ. ಮರುತಿಂಗಳೇ ಥಾಲಿಡೊಮೈಡ್ ಮಾತ್ರೆಯ ಫೈಲ್ ಅವರ ಮೇಜಿಗೆ ಬಂತು. ಬೇರೆ ದೇಶಗಳಲ್ಲಿ ಆಗಲೇ ಮಾರಾಟದಲ್ಲಿದ್ದ ಮಾತ್ರೆ. ಸುಲಭವಾಗಿ ಸಹಿ ಆಗುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದರು. ಅವರು ಫೈಲನ್ನು ನಿಜವಾಗಿಯೂ ಓದಿದರು, ಪುರಾವೆ ಸಾಲದು ಅಂದರು. ಕಂಪನಿ ಮತ್ತೆ ಮತ್ತೆ ಒತ್ತಾಯ ಮಾಡಿತು. ಅವರು ಮತ್ತೆ ಮತ್ತೆ ಮಾಹಿತಿ ಕೇಳಿದರು. ಬಸುರಿಯರು ನುಂಗಿದ ಆ ಮಾತ್ರೆಯಿಂದ ಬೇರೆ ದೇಶಗಳಲ್ಲಿ ಸಾವಿರಾರು ಮಕ್ಕಳು ಕೈಕಾಲು ಸರಿಯಾಗಿ ಬೆಳೆಯದೆ ಹುಟ್ಟಿದ್ದು ಮುಂದೆ ಬಯಲಾಯಿತು. ಆ ಹೊತ್ತಿಗೂ ಅವರ ಸಹಿ ಬಿದ್ದಿರಲಿಲ್ಲ.

ಬೆಸುಗೆ

ಸಹಿಯ ಮಾತು ಬಂತು ಅಂತ ನನ್ನದೂ ಒಂದು. 1986ರ ಜನವರಿ 28ರಂದು ಅಮೆರಿಕದ ಬಾಹ್ಯಾಕಾಶ ನೌಕೆ ಚಾಲೆಂಜರ್ ಸಿಡಿದು ಏಳು ಜನ ಹೋದರು. ಹಿಂದಿನ ರಾತ್ರಿ, ಇಷ್ಟು ಚಳಿಯಲ್ಲಿ ಹಾರಿಸಬೇಡಿ ಅಂತ ರಾಕೆಟ್ ಕಂಪನಿಯ ಅಲನ್ ಮೆಕ್‌ಡೊನಾಲ್ಡ್ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲಿಲ್ಲ. ಅವರ ಮೇಲಿನವರು ಹಾಕಿ ಕಳಿಸಿದರು. ತನಿಖೆಯಲ್ಲಿ ಸತ್ಯ ಹೇಳಿದ್ದಕ್ಕೆ ಮೆಕ್‌ಡೊನಾಲ್ಡ್ ಅವರನ್ನು ಮೊದಲು ಕೆಳಗಿಳಿಸಿದರು. ಆಮೇಲೆ, ಚಳಿಗೆ ಕೈಕೊಟ್ಟಿದ್ದ ರಾಕೆಟ್ಟಿನ ಕೂಡನ್ನು ಹೊಸದಾಗಿ ರೂಪಿಸುವ ಕೆಲಸ ಅವರ ಕೈಗೇ ಬಂತು. ಸತ್ಯ ಹೇಳಿದವರಿಗೆ ಕೂಡಲೇ ಒಳ್ಳೆಯದಾಗುತ್ತದೆ ಅಂತ ಹೊಸಬರಿಗೆ ಸುಳ್ಳು ಭರವಸೆ ಕೊಡಲು ನನಗೆ ಮನಸ್ಸಿಲ್ಲ.

ಹೊಸಬ_22

ತಡವಾಯಿತು, ಕ್ಷಮಿಸಿ.

ದಣಿದವಳು ಅಕ್ಕ ಹೇಳಿದ ಹಾಗೆ ಎರಡು ಹಾಳೆ ಬರೆದು ಕೊಟ್ಟೆ. ಮ್ಯಾನೇಜರ್ ಓದಿ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಜೋರಾಗಿಯೇ ಬೈದರು. ನನಗೆ ಎಚ್ಚರಿಕೆ ಪತ್ರ ಕೊಟ್ಟಿದ್ದಾರೆ. ಕಾಯಂ ಆಗೋದು ಮೂರು ತಿಂಗಳು ಮುಂದೆ ಹೋಗಿದೆ. ಕೆಲಸ ಹೋಗಿಲ್ಲ.

ಹಳೇ ಒಳಬರುವ ಮಾಲಿನ ಪುಸ್ತಕ ತೆಗೆಸಿದರು. ಬಂದದ್ದೇ 24 ಪೆಟ್ಟಿಗೆ. ಕೈಬರಹದ 2 ಅನ್ನು ಯಾರೋ 6 ಅಂತ ಓದಿ ಕಂಪ್ಯೂಟರಿಗೆ ಹಾಕಿದ್ದರು. ಯಾರೂ ಏನೂ ಕದ್ದಿಲ್ಲ. ಆ ನಲವತ್ತು ಪೆಟ್ಟಿಗೆ ಯಾವತ್ತೂ ಇರಲೇ ಇಲ್ಲ. ನಾನು ಆವತ್ತು ಏಣಿ ಹತ್ತಿದ್ದರೆ ಅವತ್ತೇ ಸಿಕ್ಕಿಬಿಡುತ್ತಿತ್ತು. ಎಣಿಕೆ ಇರೋದೇ ಅದಕ್ಕೆ ಅಂತ ಈಗ ಗೊತ್ತಾಯಿತು.

ಲೋಡಿಂಗಿನವರ ಮನೆಗೆ ನಾನೇ ಹೋದೆ. ಬಾಗಿಲಲ್ಲೇ ನಿಂತು ಹೇಳಿದೆ. ಅವರು ಒಳಗೆ ಕರೆಯಲಿಲ್ಲ. ‘ನಾಲ್ಕು ದಿನ ನನ್ನ ಮಗಳ ಮುಖ ನೋಡೋಕಾಗ್ಲಿಲ್ಲ ಕಣಪ್ಪಾ’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಗೇ ಬಂದೆ. ಆ ನಾಲ್ಕು ದಿನದ ಸಂಬಳ ಅವರಿಗೆ ಕೊಡಬೇಕು ಅಂತ ನಾನು ಮತ್ತೆ ಬರೆದು ಕೊಟ್ಟಿದ್ದೇನೆ. ಆಗುತ್ತದೆ ಅಂದಿದ್ದಾರೆ.

ನಿನ್ನೆ ಇಡೀ ಗೋದಾಮು ಮತ್ತೆ ಎಣಿಸಲು ಹೇಳಿದರು. ನಾನು ಏಣಿ ಹಾಕುತ್ತಿದ್ದೆ. ಅವರು ಪಾಳಿ ಮುಗಿಸಿ ಹೊರಟಿದ್ದವರು ನೋಡಿದರು. ಚೀಲ ಕೆಳಗಿಟ್ಟು ಬಂದು ಏಣಿಯ ಎರಡೂ ಕಾಲು ಹಿಡಿದುಕೊಂಡರು. ‘ಹತ್ತು. ಜೋರಾಗಿ ಎಣಿಸು, ನಂಗೂ ಕೇಳ್ಬೇಕು’ ಅಂದರು.